ಮುಂಗಡದ ಹಣ ಯಾರದು?

ನಿಮ್ಮ ಮಗ ಕಾಲೇಜು ಮುಗಿಸುವ ಮೊದಲೇ ಮೂವರು ಗೆಳೆಯರೊಂದಿಗೆ ಸೇರಿ ಬ್ಯಾಂಡ್ ಕಟ್ಟಿದ್ದಾನೆ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತಾದರೂ ಕೋಣೆಯಿಂದ ಗಿಟಾರಿನ ಸದ್ದು ಬರುತ್ತಿರುತ್ತದೆ. ನೆರೆಮನೆಯವರು ಒಂದೆರಡು ಮಾತು ಆಡಿಯೂ ಆಗಿದೆ. ಒಂದು ಸಂಜೆ ಆತ ಒಂದು ಕಂತೆ ಕಾಗದ ತಂದು, "ಉಮ್ಮಾ, ಕಂಪೆನಿಯವರು ಎರಡು ಲಕ್ಷ ಮುಂಗಡ ಕೊಡ್ತಾರಂತೆ, ಇಲ್ಲೊಂದು ಸಹಿ ಹಾಕು" ಎನ್ನುತ್ತಾನೆ. ಎರಡು ಲಕ್ಷ ಎಂದ ಕೂಡಲೇ ಮನೆಯ ಗಾಳಿಯೇ ಬದಲಾಗುತ್ತದೆ. ಅಷ್ಟರವರೆಗೆ ಗದರುತ್ತಿದ್ದ ಅಪ್ಪನೂ ಸುಮ್ಮನಾಗುತ್ತಾರೆ.

ಸಂಗೀತ ಕೂಡುತ್ತದೋ ಕೂಡದೋ ಎಂಬ ಚರ್ಚೆ ಈ ಅಂಕಣದ್ದಲ್ಲ. ಅದಕ್ಕೆ ಬಲ್ಲವರಿದ್ದಾರೆ, ಪ್ರತಿಯೊಂದು ಮನೆಗೂ ತನ್ನದೇ ನಿಲುವಿದೆ. ಇಲ್ಲಿ ಹಣದ ಮಾತು ಮಾತ್ರ. ಏಕೆಂದರೆ ಬ್ಯಾಂಡ್ ಸೇರಬೇಡ ಎಂದು ಜಗಳವಾಡುವ ಮನೆಯಲ್ಲೂ, ಸೇರು ಎಂದು ಬೆನ್ನು ತಟ್ಟುವ ಮನೆಯಲ್ಲೂ ಆ ಕಾಗದದ ಕಂತೆಯನ್ನು ಕೊನೆಯವರೆಗೆ ಓದುವವರು ಯಾರೂ ಇರುವುದಿಲ್ಲ.

ಮೊದಲು ಮುಂಗಡ ಎಂಬ ಪದವನ್ನೇ ನೋಡೋಣ. ಮನೆ ಕಟ್ಟಿಸುವಾಗ ನೀವು ಮೇಸ್ತ್ರಿಗೆ ಮುಂಗಡ ಕೊಡುತ್ತೀರಿ. ಅದು ಅವನ ಕೂಲಿಯ ಒಂದು ಭಾಗ. ಸಿಮೆಂಟಿನ ಖರ್ಚನ್ನು ನೀವು ಅವನ ಕೂಲಿಯಿಂದ ಮುರಿದುಕೊಳ್ಳುವುದಿಲ್ಲ. ಸಂಗೀತ ಕಂಪೆನಿಯ ಮುಂಗಡದಲ್ಲಿ ಸಿಮೆಂಟಿನ ಖರ್ಚೂ ಮೇಸ್ತ್ರಿಯ ಲೆಕ್ಕಕ್ಕೇ ಬೀಳುತ್ತದೆ! ಸ್ಟುಡಿಯೋ ಬಾಡಿಗೆ, ನಿರ್ಮಾಪಕನ ಸಂಭಾವನೆ, ವೀಡಿಯೋ, ಪ್ರಚಾರ, ಪ್ರವಾಸದ ಬಸ್ಸು, ಇವುಗಳಲ್ಲಿ ಬಹುಪಾಲು ಹಾಡುವವರ ಪಾಲಿನಿಂದಲೇ ವಸೂಲಾಗುತ್ತದೆ. ವಸೂಲಾಗುವವರೆಗೆ ಅವರಿಗೆ ರಾಯಲ್ಟಿಯ ಒಂದು ಪೈಸೆಯೂ ಸಿಗದು. ಆಲ್ಬಂ ಓಡದಿದ್ದರೆ ಸಾಮಾನ್ಯವಾಗಿ ಕೈಯಿಂದ ಹಣ ಹಿಂದಿರುಗಿಸಬೇಕಾಗಿಲ್ಲ, ನಿಜ. ಆದರೆ ಎರಡನೆಯ ಆಲ್ಬಂ ಗೆದ್ದರೆ ಮೊದಲನೆಯದರ ಬಾಕಿಯನ್ನು ಅದರಿಂದ ಮುರಿದುಕೊಳ್ಳುವ ಷರತ್ತು ಅನೇಕ ಒಪ್ಪಂದಗಳಲ್ಲಿ ಇರುತ್ತದೆ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಸ್ಟೀವ್ ಆಲ್ಬಿನಿ. ಸ್ವತಃ ಬ್ಯಾಂಡಿನಲ್ಲಿ ಹಾಡಿದವರು, ನೂರಾರು ಬ್ಯಾಂಡುಗಳ ಧ್ವನಿಮುದ್ರಣ ಮಾಡಿದವರು. 2024ರಲ್ಲಿ ತೀರಿಕೊಂಡರು. 1993ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಒಂದು ಕಾಲ್ಪನಿಕ ಬ್ಯಾಂಡನ್ನು ತೆಗೆದುಕೊಂಡು, ಆ ಕಾಲದ ದರಗಳನ್ನು ಹಾಕಿ, ಅಡುಗೆಮನೆಯ ಖರ್ಚು ಬರೆದಂತೆ ಸಾಲು ಸಾಲಾಗಿ ಲೆಕ್ಕ ಬರೆದರು. ಬ್ಯಾಂಡಿನಲ್ಲಿ ನಾಲ್ವರು. ಕಂಪೆನಿಯ ಮುಂಗಡ 2,50,000 ಡಾಲರ್. ಅದರಲ್ಲಿ ಧ್ವನಿಮುದ್ರಣಕ್ಕೇ 1,50,000 ಹೋಯಿತು. ಮ್ಯಾನೇಜರಿಗೆ 37,500. ವಕೀಲರಿಗೆ 10,000. ವೀಡಿಯೋಗೆ 30,000. ಆಲ್ಬಂ ಸೋಲಲಿಲ್ಲ, ಎರಡೂವರೆ ಲಕ್ಷ ಪ್ರತಿಗಳು ಖರ್ಚಾದವು, ಅಂಗಡಿಗಳಲ್ಲಿ 30 ಲಕ್ಷ ಡಾಲರಿನ ವ್ಯಾಪಾರ ಆಯಿತು. ಬ್ಯಾಂಡಿನ ರಾಯಲ್ಟಿ 3,51,000 ಡಾಲರ್. ಅದರಿಂದ ಮುಂಗಡ, ನಿರ್ಮಾಪಕನ ಪಾಲು, ಪ್ರಚಾರದ ಖರ್ಚು, ಹಳೆಯ ಕಂಪೆನಿಯಿಂದ ಬಿಡಿಸಿಕೊಂಡ ಹಣ ಎಲ್ಲವನ್ನೂ ಕಳೆದಾಗ ಉಳಿದದ್ದು ಸೊನ್ನೆಯೂ ಅಲ್ಲ. ಬ್ಯಾಂಡೇ ಕಂಪೆನಿಗೆ 14,000 ಡಾಲರ್ ಬಾಕಿ. ಕಂಪೆನಿಗೆ ಸಿಕ್ಕಿದ್ದು 7,10,000. ವರ್ಷವಿಡೀ ದುಡಿದ ನಾಲ್ವರಿಗೆ ಎಲ್ಲ ಮೂಲಗಳಿಂದ ಸೇರಿ ತಲಾ 4,031 ಡಾಲರ್. ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಿದ್ದರೆ ಇದರ ಸುಮಾರು ಮೂರು ಪಟ್ಟು ಸಿಗುತ್ತಿತ್ತು ಎಂಬುದು ಅವರ ಅಂದಾಜು.

ಕಾಲ್ಪನಿಕ ಲೆಕ್ಕ ತಾನೇ ಎನ್ನುವವರಿಗೆ ಟಿಎಲ್‌ಸಿಯ ಉದಾಹರಣೆ ಇದೆ. ಅಟ್ಲಾಂಟಾದ ಮೂವರು ಯುವತಿಯರ ತಂಡ. 1994ರಲ್ಲಿ ಬಂದ ಅವರ ಆಲ್ಬಂ ಅಮೆರಿಕವೊಂದರಲ್ಲೇ ಕೋಟಿ ಪ್ರತಿಗಳನ್ನು ದಾಟಿತು. ಅದು ಭರದಿಂದ ಮಾರಾಟವಾಗುತ್ತಿರುವಾಗಲೇ, 1995ರ ಜುಲೈಯಲ್ಲಿ, 35 ಲಕ್ಷ ಡಾಲರ್ ಸಾಲ ತೋರಿಸಿ ಅವರು ದಿವಾಳಿ ಅರ್ಜಿ ಹಾಕಿದರು. 1996ರ ಗ್ರ್ಯಾಮಿ ಸಮಾರಂಭದಲ್ಲಿ ಎರಡು ಪ್ರಶಸ್ತಿ ಕೈಯಲ್ಲಿ ಹಿಡಿದುಕೊಂಡೇ ತಮ್ಮ ಬಳಿ ಹಣವಿಲ್ಲ ಎಂದು ಪತ್ರಕರ್ತರಿಗೆ ಹೇಳಿದರು. ಸಾಲಕ್ಕೆ ಒಪ್ಪಂದವೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಒಬ್ಬಳ ರಕ್ತದ ಕಾಯಿಲೆಯ ಆಸ್ಪತ್ರೆ ಬಿಲ್ಲುಗಳಿದ್ದವು. ಇನ್ನೊಬ್ಬಳು ಕೋಪದಲ್ಲಿ ಹಚ್ಚಿದ ಬೆಂಕಿಯಿಂದ ಗೆಳೆಯನ ಮನೆ ಸುಟ್ಟುಹೋಗಿ, ವಿಮಾ ಸಂಸ್ಥೆಯ ಬಾಕಿ ತಲೆಯ ಮೇಲೆ ಬಂದಿತ್ತು. ಆದರೆ ಇಷ್ಟು ಮಾರಾಟವಾದ ತಂಡಕ್ಕೆ ಆಸ್ಪತ್ರೆ ಬಿಲ್ಲು ಕಟ್ಟಲೂ ಕಷ್ಟವಾಗಬೇಕಿತ್ತೇ?

ಇದಕ್ಕಿಂತ ನೋವಿನ ಕಥೆ ಬ್ಯಾಡ್‌ಫಿಂಗರ್ ಎಂಬ ಬ್ರಿಟಿಷ್ ಬ್ಯಾಂಡಿನದು. 1968ರಲ್ಲಿ ಬೀಟಲ್ಸ್ ತಂಡದವರ ಆ್ಯಪಲ್ ಕಂಪೆನಿಗೆ ಸೇರಿದ ಹುಡುಗರು ಇವರು. 1970ರಲ್ಲಿ ಸ್ಟಾನ್ ಪೊಲಿ ಎಂಬ ಅಮೆರಿಕದ ವ್ಯವಹಾರಸ್ಥ ಇವರ ಮ್ಯಾನೇಜರ್ ಆದ. ಬ್ಯಾಂಡಿನ ಹೆಸರಿನಲ್ಲೇ ಒಂದು ಕಂಪೆನಿ ಮಾಡಿ, ಬರುವ ಹಣವೆಲ್ಲ ಅದಕ್ಕೆ ಸೇರುವಂತೆ, ಹುಡುಗರಿಗೆ ಸಂಬಳ ಮಾತ್ರ ಸಿಗುವಂತೆ ವ್ಯವಸ್ಥೆ ಮಾಡಿದ. ಹುಡುಗರಿಗೂ ಅದು ಹಾಯೆನಿಸಿತು. ಲೆಕ್ಕಪತ್ರದ ತಲೆನೋವು ಇಲ್ಲ, ಹಾಡಿಕೊಂಡಿದ್ದರೆ ಸಾಕು! ಮೊದಲ ಹನ್ನೊಂದು ತಿಂಗಳ ಲೆಕ್ಕದಲ್ಲಿ ಸದಸ್ಯರಿಗೆ ಸಿಕ್ಕಿದ್ದು ತಲಾ ಆರರಿಂದ ಎಂಟು ಸಾವಿರ ಡಾಲರ್. ಮ್ಯಾನೇಜರನ ಕಮಿಷನ್ 75 ಸಾವಿರಕ್ಕೂ ಹೆಚ್ಚು. 1974ರಲ್ಲಿ ಹೊಸ ಕಂಪೆನಿ ವಾರ್ನರ್, ತಾನು ಕೊಟ್ಟ ಮುಂಗಡದ ಲೆಕ್ಕ ಸಿಗುತ್ತಿಲ್ಲವೆಂದು ಮೊಕದ್ದಮೆ ಹೂಡಿತು. ಆಗ ತಾನೇ ಬಂದಿದ್ದ ಆಲ್ಬಂ ಅಂಗಡಿಗಳಿಂದ ಮಾಯವಾಯಿತು. ಸಂಬಳ ನಿಂತಿತು. ಹಾಡು ಬರೆಯುತ್ತಿದ್ದ ಪೀಟ್ ಹ್ಯಾಮ್‌ಗೆ ಹೊಸದಾಗಿ ಕೊಂಡ ಮನೆಯ ಸಾಲವಿತ್ತು, ಮಗು ಬರುವುದರಲ್ಲಿತ್ತು. ಮ್ಯಾನೇಜರ್ ಫೋನಿಗೆ ಸಿಗಲಿಲ್ಲ. 1975ರ ಏಪ್ರಿಲ್ 24ರಂದು, 28 ತುಂಬಲು ಮೂರು ದಿನ ಇರುವಾಗ, ಆತ ಜೀವ ಕಳೆದುಕೊಂಡ. ಬರೆದಿಟ್ಟ ಚೀಟಿಯಲ್ಲಿ ಮ್ಯಾನೇಜರನ ಹೆಸರಿತ್ತು. ಮಗಳು ಹುಟ್ಟಿದ್ದು ಸುಮಾರು ಒಂದು ತಿಂಗಳ ನಂತರ. ಅವನ ಜೊತೆಗಾರ ಟಾಮ್ ಇವಾನ್ಸ್ 1983ರಲ್ಲಿ ಅದೇ ದಾರಿ ಹಿಡಿದ. ಹಳೆಯ ಹಾಡಿನ ರಾಯಲ್ಟಿ ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಆಗಲೂ ಮುಗಿದಿರಲಿಲ್ಲ. ಇವರಿಬ್ಬರೂ ಸೇರಿ ಬರೆದ 'ವಿದೌಟ್ ಯೂ' ಹಾಡನ್ನು ಹ್ಯಾರಿ ನಿಲ್ಸನ್, ಬಳಿಕ ಮರಾಯ ಕ್ಯಾರಿ ಹಾಡಿ ಜಗತ್ತಿಗೆಲ್ಲ ಮುಟ್ಟಿಸಿದರು.

ಅಮೆರಿಕದ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ತಂಡವನ್ನು ಕಟ್ಟಿದ ಲೂ ಪರ್ಲ್‌ಮನ್ ಕೂಡ ಇದೇ ಜಾತಿಯವ. ಹುಡುಗರು ಅವನನ್ನು ಮನೆಯ ಹಿರಿಯನಂತೆ ಕಾಣುತ್ತಿದ್ದರು. ಮ್ಯಾನೇಜರನ ಪಾಲು ಸಾಲದೆಂದು, ಐವರ ತಂಡದಲ್ಲಿ ತಾನು ಆರನೆಯ ಸದಸ್ಯನೆಂದೂ ಪಾಲು ತೆಗೆದುಕೊಂಡಿದ್ದ. 1998ರಲ್ಲಿ ಹುಡುಗರು ಕೋರ್ಟಿಗೆ ಹೋದರು. ಮುಂದೆ ಬೇರೊಂದು ಭಾರೀ ಹಣಕಾಸು ವಂಚನೆಯಲ್ಲಿ ಸಿಕ್ಕಿಬಿದ್ದು 2008ರಲ್ಲಿ 25 ವರ್ಷಗಳ ಶಿಕ್ಷೆಗೊಳಗಾದ. 2016ರಲ್ಲಿ ಸೆರೆಯಲ್ಲೇ ಸತ್ತ.

ನಿಮ್ಮ ಮಗಳ ಮೊಬೈಲಿನಲ್ಲಿ ಕೊರಿಯಾದ ಹುಡುಗರ ಚಿತ್ರ ಇರಬಹುದು. ಅಲ್ಲಿನ ಪದ್ಧತಿಯನ್ನೂ ಅವಳಿಗೆ ತಿಳಿಸಿ. ಹನ್ನೆರಡು ಹದಿಮೂರರ ಮಕ್ಕಳನ್ನು ತರಬೇತಿಗೆ ಸೇರಿಸಿಕೊಳ್ಳುತ್ತಾರೆ. ಊಟ, ವಸತಿ, ಹಾಡು, ಕುಣಿತ ಎಲ್ಲದರ ಖರ್ಚು ಕಂಪೆನಿಯದು. ಆದರೆ ಅನೇಕ ಕಂಪೆನಿಗಳಲ್ಲಿ ಆ ಖರ್ಚನ್ನು ತಂಡ ವೇದಿಕೆಗೆ ಬಂದ ಮೇಲೆ ಅದರ ಗಳಿಕೆಯಿಂದ ಕಳೆಯುತ್ತಾರೆ. ತರಬೇತಿ ಪಡೆದವರಲ್ಲಿ ಹೆಚ್ಚಿನವರು ವೇದಿಕೆಗೆ ಬರುವುದೇ ಇಲ್ಲ. 2009ರಲ್ಲಿ ಟಿವಿಎಕ್ಸ್‌ಕ್ಯೂ ತಂಡದ ಮೂವರು ತಮ್ಮ 13 ವರ್ಷಗಳ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋದರು. ಅದೇ ವರ್ಷ ಅಲ್ಲಿನ ಸರಕಾರದ ವ್ಯಾಪಾರ ಆಯೋಗವು ಏಳು ವರ್ಷಗಳ ಮಿತಿಯ ಮಾದರಿ ಒಪ್ಪಂದವನ್ನು ಹೊರತಂದಿತು. ನಡುವೆ ಬಿಟ್ಟುಹೋದ ತರಬೇತಿ ಮಕ್ಕಳಿಂದ ಖರ್ಚಿನ ಎರಡು ಮೂರು ಪಟ್ಟು ದಂಡ ವಸೂಲು ಮಾಡುವ ಷರತ್ತುಗಳನ್ನು 2017ರಲ್ಲಿ ತಿದ್ದಿಸಬೇಕಾಯಿತು.

ಇದೆಲ್ಲ ದೂರದ ಮಾತು, ನಮ್ಮ ಹುಡುಗರು ಕಾಲೇಜು ಹಬ್ಬದಲ್ಲೋ ಬೆಂಗಳೂರಿನ ಹೊಟೇಲುಗಳಲ್ಲೋ ನುಡಿಸುವವರು ಎನ್ನುತ್ತೀರಾ? ಸರಿ. ಅಲ್ಲಿ ಕಂಪೆನಿಗಿಂತ ಮೊದಲು ಸಾಲ ಮನೆಗೆ ಬರುತ್ತದೆ. ಕಲಿಯುವವರ ಗಿಟಾರು ಹತ್ತು ಸಾವಿರದೊಳಗೆ ಸಿಗುತ್ತದೆ. ವೇದಿಕೆಗೆ ಅದು ಸಾಲದು. ಒಳ್ಳೆಯ ಗಿಟಾರು, ಆಂಪ್ಲಿಫೈಯರ್, ಪೆಡಲು, ಮೈಕು, ಇವೆಲ್ಲ ಬೇಕು. ಡ್ರಮ್ ಬಾರಿಸುವವನಿಗಂತೂ ಅದನ್ನು ಸಾಗಿಸಲು ಪ್ರತಿ ಸಲವೂ ಟೆಂಪೋ ಬೇಕು. ಅಭ್ಯಾಸದ ಕೋಣೆಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಹೊಸ ತಂಡಗಳಿಗೆ 'ಪ್ರಚಾರ ಸಿಗುತ್ತದಲ್ಲಾ' ಎಂದು ಹೇಳಿ ಊಟ ಹಾಕಿ ಕಳುಹಿಸುವವರೇ ಹೆಚ್ಚು. ಇಷ್ಟಕ್ಕೆಲ್ಲ ಹಣ ಎಲ್ಲಿಂದ? ಅಣ್ಣನ ಹೆಸರಿನಲ್ಲಿ ಕಂತು, ಕೊನೆಗೆ ಉಮ್ಮನ ಬಳೆ ಬ್ಯಾಂಕಿನಲ್ಲಿ. ಬಳೆ ಅಡವಿಡುವಾಗ ಅದು ಮಗನ ಕನಸಿಗಾಗಿ, ಬಿಡಿಸುವಾಗ ಮಾತ್ರ ಅದು ನಿಮ್ಮ ಬಳೆ ಎಂಬುದು ಅನುಭವಿಗಳಿಗೆ ಗೊತ್ತು.

ಇಂಟರ್‌ನೆಟ್ಟಿನಲ್ಲಿ ಹಾಡು ಹಾಕಿದರೆ ಹಣ ಬರುತ್ತದೆ ಎಂಬ ಭರವಸೆ ಈಗಿನದು. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಏನೂ ಇಲ್ಲ. ಸಾವಿರ ದಾಟಿದ ಹಾಡಿಗೂ ಪ್ರತಿ ಕೇಳುವಿಕೆಗೆ ಸಿಗುವುದು ಪೈಸೆಗಳ ಲೆಕ್ಕದಲ್ಲಿ. ಅದರಲ್ಲೂ ನಾಲ್ಕು ಪಾಲು.

ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಿ. 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿದ ಒಪ್ಪಂದಕ್ಕೆ ಬೆಲೆಯಿಲ್ಲ. ಹಾಗಾಗಿಯೇ ಹುಡುಗ ಚಿಕ್ಕವನಾದರೆ ಹೆತ್ತವರ ಸಹಿ ಕೇಳುತ್ತಾರೆ. ಅದು ಬರೀ ಒಪ್ಪಿಗೆಯ ಸಹಿಯೋ ಜಾಮೀನಿನ ಸಹಿಯೋ ನೋಡಿ. ಜಾಮೀನಾದರೆ, ಒಪ್ಪಂದದಲ್ಲಿ ಬೇರೆ ಮಾತು ಬರೆದಿಲ್ಲದಿದ್ದಲ್ಲಿ, ಸಾಲಗಾರನ ಹೊಣೆಯಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಮೊದಲು ಮಗನನ್ನು ಕೇಳಿ, ಬಳಿಕ ನಿಮ್ಮ ಬಳಿ ಬರಬೇಕು ಎಂದೇನೂ ಇಲ್ಲ. ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು.

ಗೆಳೆಯರ ನಡುವಿನ ವ್ಯವಹಾರದಲ್ಲೂ ಅಪಾಯವಿದೆ. ಲಾಭ ಹಂಚಿಕೊಳ್ಳುವ ಮಾತಿನ ಮೇಲೆ ನಾಲ್ವರು ಸೇರಿ ನಡೆಸುವ ವ್ಯವಹಾರವನ್ನು, ಬರಹದಲ್ಲಿ ಏನೂ ಇಲ್ಲದಿದ್ದರೂ, ಕೋರ್ಟು ಪಾಲುದಾರಿಕೆ ಎಂದು ಪರಿಗಣಿಸಬಹುದು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಒಬ್ಬನಿಗೆ ದುಬೈಯ ವೀಸಾ ಬಂತು, ಇನ್ನೊಬ್ಬ ಮದುವೆಯಾಗಿ ಬಿಟ್ಟುಹೋದ, ಧ್ವನಿವರ್ಧಕದ ಕಂತು ಮಾತ್ರ ಉಳಿದವನ ತಲೆಗೆ. ಸಾಮಾನು ಯಾರದು, ಹಾಡು ಯಾರು ಬರೆದದ್ದು, ಬ್ಯಾಂಡಿನ ಹೆಸರು ಯಾರಿಗೆ, ಬಿಟ್ಟುಹೋಗುವವನಿಗೆ ಏನು ಕೊಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಲಿ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನವೇ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ ಎಂಬುದು ನಿಮಗೆ ಗೊತ್ತು. ಆದರೂ ಗೆಳೆಯರ ನಡುವೆ ಬರವಣಿಗೆ ಎಂದರೆ ಅವಮಾನ ಎಂದು ನಮ್ಮ ಹುಡುಗರಿಗೆ ಅನಿಸುತ್ತದೆ. ನಮಗೂ ಅನಿಸುತ್ತದೆ, ಸುಳ್ಳೇಕೆ?

ಒಂದು ಒಳ್ಳೆಯ ಸುದ್ದಿಯೂ ಇದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯ ನಂತರ, ಸಾಹಿತ್ಯ ಬರೆದವರು ಮತ್ತು ರಾಗ ಹಾಕಿದವರು ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪೆನಿಗೆ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಆದ್ದರಿಂದ ಯಾವ ಹಾಡನ್ನು ಯಾರು ಬರೆದರು, ಯಾವ ದಿನ ಎಂಬ ದಾಖಲೆಯನ್ನು ಮಗ ಇಟ್ಟುಕೊಳ್ಳಲಿ. ಐಪಿಆರ್‌ಎಸ್ ಎಂಬ ಸಂಸ್ಥೆಯಲ್ಲಿ ಸದಸ್ಯನಾಗಿ ಹಾಡನ್ನು ನೋಂದಾಯಿಸಲಿ.

ಇನ್ನು ಆ ಕಾಗದದ ಕಂತೆ. ಎಷ್ಟು ವರ್ಷ, ಎಷ್ಟು ಆಲ್ಬಂ, ಯಾವ ಯಾವ ಖರ್ಚು ಹುಡುಗರ ಪಾಲಿನಿಂದ ಮುರಿಯುತ್ತಾರೆ, ಲೆಕ್ಕಪುಸ್ತಕ ನೋಡುವ ಹಕ್ಕು ಇವರಿಗೆ ಇದೆಯೇ, ಮ್ಯಾನೇಜರನ ಕಮಿಷನ್ ಖರ್ಚು ಕಳೆಯುವ ಮೊದಲೋ ನಂತರವೋ, ಇಷ್ಟನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. 'ಇವತ್ತೇ ಸಹಿ ಹಾಕದಿದ್ದರೆ ಅವಕಾಶ ಬೇರೆಯವರಿಗೆ ಹೋಗುತ್ತದೆ' ಎಂದು ಅವಸರ ಮಾಡಿದರೆ ಹೋಗಲಿ ಬಿಡಿ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯ ಎಷ್ಟೆಂದು ಕೇಳುವುದಿಲ್ಲ. ಸಹಿ ನಿಮ್ಮದು ತಾನೇ? ಹಾಗಾದರೆ ನೀವೇ ಹೋಗಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ, ಕಂತೆಯ ಕೊನೆಯ ಹಾಳೆಯನ್ನು ಮಾತ್ರವಲ್ಲ, ಎಲ್ಲ ಹಾಳೆಗಳನ್ನೂ ತೆಗೆದುಕೊಂಡು ಹೋಗಿ.