ಬೋರ್ಡು ಬಿಚ್ಚುವವರು ಯಾರು?

"ಸೆಟ್ಟು ಹೋಗೇದ್ರೀ, ಪೂರಾ ಬದಲ ಮಾಡಬೇಕು." ಈ ಒಂದು ಮಾತಿನ ಮೇಲೆ ನನಗೆ ವಿಪರೀತ ಸಿಟ್ಟಿದೆ. ಮಿಕ್ಸರ್ ಕೆಟ್ಟರೂ ಇದೇ ಮಾತು, ಇಸ್ತ್ರಿಪೆಟ್ಟಿಗೆ ಕೆಟ್ಟರೂ ಇದೇ ಮಾತು, ಕಾರಿನ ರೇಡಿಯೋ ಕೆಟ್ಟರಂತೂ ಕೇಳುವುದೇ ಬೇಡ. ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ಹೇಳಬೇಕಾದವರು ಬಿಚ್ಚಿ ನೋಡಿಯೇ ಇರುವುದಿಲ್ಲ. ನಾಡಿ ಹಿಡಿಯದೆ "ಜೀವ ಹೋಗಿದೆ" ಎನ್ನುವ ವೈದ್ಯನನ್ನು ನಾವು ಒಪ್ಪುತ್ತೇವೆಯೇ?

ನಮ್ಮ ಹಳೆಯ ಕಾರಿನ ರೇಡಿಯೋವನ್ನೇ ತೆಗೆದುಕೊಳ್ಳಿ. ಮಾಳಮಡ್ಡಿಯಿಂದ ಹುಬ್ಬಳ್ಳಿಗೆ ದಿನಾ ನಾನೇ ಓಡಿಸುವ ಕಾರು ಅದು. ಮನೆಯ ಗದ್ದಲ, ಕಚೇರಿಯ ಗದ್ದಲ ಎರಡರ ನಡುವೆ ನನಗೆಂದು ಉಳಿದಿರುವುದು ಆ ಮುಕ್ಕಾಲು ತಾಸು ಮತ್ತು ಆ ರೇಡಿಯೋ. ಧ್ವನಿ ಏರಿಸಲು ಗುಂಡಿ ತಿರುವಿದರೆ ಇಳಿಯತೊಡಗಿತು. ರಸ್ತೆಯ ಉಬ್ಬು ದಾಟಿದರೆ ದೀಪ ಆರಿ ಮತ್ತೆ ಹತ್ತತೊಡಗಿತು. ಸರ್ವಿಸ್ ಕೇಂದ್ರವೊಂದರಲ್ಲಿ 14,000 ರೂಪಾಯಿಯ ಹೊಸ ಸೆಟ್ಟು ಹಾಕಿಸಬೇಕೆಂದರು. ಓಡಿಸುವವಳು ನಾನು, ದುಡ್ಡು ಕೊಡುವವಳು ನಾನು. ಆದರೆ ಅಲ್ಲಿಯ ಹುಡುಗ ಮಾತನಾಡಿದ್ದೆಲ್ಲ ಪಕ್ಕದಲ್ಲಿ ನಿಂತಿದ್ದ ನಮ್ಮವರ ಜೊತೆಗೆ. "ಗುಂಡಿಗಳ ಹಿಂದಿನ ಬೋರ್ಡಷ್ಟ ಕೆಟ್ಟಿರಬೇಕಲ್ಲಪಾ?" ಎಂದು ಕೇಳಿದೆ. "ಅಕ್ಕಾರ, ಅದು ನಿಮಗ ತಿಳಿಯೂದಿಲ್ಲ ಬಿಡ್ರಿ" ಎಂದ.

ತಿಳಿಯದಿರಲು ಅದರಲ್ಲಿ ಅಂಥದ್ದೇನಿದೆ? ನಮ್ಮ ಧಾರವಾಡದ ಕಡೆಯ ಹೆಣ್ಣುಮಕ್ಕಳು ಎಳೆ ಎಣಿಸಿ ಕಸೂತಿ ಹಾಕಿದವರು. ಗವಂತಿ ಹೊಲಿಗೆಗೆ ಗಂಟಿಲ್ಲ, ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ರೂಪ. ಸೂಜಿ ಎಲ್ಲಿಂದ ಹೊರಟು ಎಲ್ಲಿಗೆ ಮರಳಬೇಕೆಂಬ ಲೆಕ್ಕ ತಲೆಯಲ್ಲಿಯೇ ಇರಬೇಕು. ಸರ್ಕ್ಯೂಟ್ ಬೋರ್ಡಿನಲ್ಲಿಯೂ ತಾಮ್ರದ ಗೆರೆ ಈ ಮಗ್ಗುಲಿಂದ ಸಣ್ಣ ತೂತಿನ ಮೂಲಕ ಆ ಮಗ್ಗುಲಿಗೆ ಹೋಗಿ ಬರುತ್ತದೆ. ಆ ದಾರಿ ಎಲ್ಲಿ ಕಡಿದಿದೆ ಎಂದು ಹುಡುಕುವುದೇ ಅರ್ಧ ರಿಪೇರಿ.

ನಾನು ಮಾಡಿದ್ದಿಷ್ಟು. ಕೆಲವು ಸೆಟ್ಟುಗಳು ಕರೆಂಟು ಕಡಿದರೆ ಗುಪ್ತಸಂಖ್ಯೆ ಕೇಳುತ್ತವೆ. ನಮ್ಮದರ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಸೆಟ್ಟನ್ನು ಹೊರಗೆಳೆದು, ಬಿಚ್ಚಿದ ಸ್ಕ್ರೂಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟು, ಹಂತಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ, ಕನೆಕ್ಟರಿನ ಒಂದು ಕಾಲಿನ ಬುಡದ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕಿನ ಉಂಗುರ! ಬಿಸಿಲಿಗೆ ಕಾದು, ರಾತ್ರಿ ತಣಿದು, ದಿನಾ ಕುಲುಕಾಡಿದರೆ ಬೆಸುಗೆ ಬಿರಿಯುತ್ತದೆ. ಮಲ್ಟಿಮೀಟರ್ ಹಿಡಿದು ಬೋರ್ಡನ್ನು ಮೆಲ್ಲಗೆ ಒತ್ತಿದರೆ ಬೀಪ್ ಎನ್ನುತ್ತಿತ್ತು, ಬಿಟ್ಟರೆ ಮೌನ. ಉಬ್ಬು ದಾಟಿದಾಗ ದೀಪ ಆರುತ್ತಿದ್ದ ಕಾರಣ ಅದೇ.

ತವರ-ಸೀಸದ ಬೆಸುಗೆ 183 ಡಿಗ್ರಿಯ ಸುಮಾರಿಗೆ ಕರಗುತ್ತದೆ. ವಡೆ ಕರಿಯುವ ಎಣ್ಣೆಯ ಕಾವೂ ಹೆಚ್ಚುಕಡಿಮೆ ಅಷ್ಟೇ. ಸೀಸವಿಲ್ಲದ ಬೆಸುಗೆಗೆ ಇನ್ನೂ ಮೂವತ್ತು-ನಲವತ್ತು ಡಿಗ್ರಿ ಬೇಕು. ಸ್ವಲ್ಪ ಫ್ಲಕ್ಸ್ ಸವರಿ, ಸೋಲ್ಡರಿಂಗ್ ಐರನ್ನಿನ ತುದಿಯನ್ನು ಎರಡು ಕ್ಷಣ ತಾಗಿಸಿ, ಹೊಸ ಬೆಸುಗೆ ಕೊಟ್ಟೆ. ಇನ್ನು ಧ್ವನಿಯ ಗುಂಡಿ: ಅದರೊಳಗೆ ಎರಡು ಸಂಪರ್ಕಗಳು ಒಂದರ ಹಿಂದೊಂದು ಬಡಿಯುತ್ತವೆ, ಯಾವುದು ಮೊದಲು ಬಡಿಯಿತು ಎಂಬುದರ ಮೇಲೆ ಏರಿಸಬೇಕೋ ಇಳಿಸಬೇಕೋ ಎಂದು ಚಿಪ್ಪು ತಿಳಿಯುತ್ತದೆ. ಧೂಳು ಕೂತರೆ ಲೆಕ್ಕ ತಪ್ಪುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನ ನಾಲ್ಕು ಹನಿ ಬಿಟ್ಟು, ಇಪ್ಪತ್ತು ಸಲ ತಿರುವಿ, ಒಣಗಿಸಿದೆ. ಎರಡು ಸಂಜೆಯ ಕೆಲಸ. ಸಾಮಾನಿಗೆ ಹಿಡಿದದ್ದು 900 ರೂಪಾಯಿ; ಸಾಮಾನು ಮನೆಯಲ್ಲೇ ಉಳಿಯಿತು.

"ನಿಮಗ್ಯಾಕ ಬೇಕಿತ್ರೀ ವೈನಿ ಈ ಉಸಾಬರಿ? ರಿಪೇರಿಯವರ ಹೊಟ್ಟೆ ಮ್ಯಾಲೆ ಹೊಡಧಂಗಾತಲ್ಲ" ಎಂದರು ನೆರೆಮನೆಯವರು. ಹೊಟ್ಟೆಯ ಮೇಲೆ ಹೊಡೆಯುತ್ತಿರುವವರು ಯಾರು? ಸೆಟ್ಟನ್ನೇ ಬದಲಿಸುವ ಪದ್ಧತಿ ಬಂದ ಮೇಲೆ ಕೈಯಲ್ಲಿ ವಿದ್ಯೆಯಿದ್ದ ರೇಡಿಯೋ ರಿಪೇರಿಯವನಿಗೂ ಕೆಲಸವಿಲ್ಲ. ಅವನಿಗೆ ನಕ್ಷೆ ಸಿಗುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಆ ಕಾಲದ ಎಷ್ಟೋ ವಾಲ್ವ್ ರೇಡಿಯೋಗಳ ಒಳಗೆ ಸರ್ಕ್ಯೂಟಿನ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಕೊಂಡವರಿಗೆ ವಸ್ತುವಿನ ಜೊತೆ ಅದರ ಗುಟ್ಟೂ ಸಿಗುತ್ತಿತ್ತು.

ಇದು ನನ್ನೊಬ್ಬಳ ತಕರಾರಲ್ಲ. ಬಿಡಿಭಾಗಗಳನ್ನೂ ತಪಾಸಣೆಯ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಗೆ ಹೋದದ್ದು ಬೇರೆ ಮಾತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು; ಅದೇ ವರ್ಷ ಡಿಸೆಂಬರ್ 24ರಂದು ಅದಕ್ಕಾಗಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಗ್ರಾಹಕರ ಸಹಾಯವಾಣಿಯ ನಂಬರು ಕೊಟ್ಟರೆ ಸಾಲದು, ನಕ್ಷೆ ಕೊಡಬೇಕು.

ಎಲ್ಲವನ್ನೂ ಮನೆಯಲ್ಲೇ ಬಿಚ್ಚಿರೆಂದು ನಾನು ಹೇಳುವುದಿಲ್ಲ. ಸ್ಟೇರಿಂಗಿನ ಏರ್‌ಬ್ಯಾಗು, ಬ್ರೇಕು ಇವುಗಳಿಗೆ ಕೈ ಹಚ್ಚಬಾರದು. ಸೀಸದ ಬೆಸುಗೆಯನ್ನು ಅಡುಗೆಕಟ್ಟೆಯ ಮೇಲೆ ಮಾಡಬಾರದು; ಕಿಟಕಿ ತೆರೆದಿರಬೇಕು, ಆಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಆದರೆ ಅಪಾಯದ ಮಾತನ್ನು ನಮ್ಮ ಮುಂದೆಯೇ ಏಕೆ ಇಷ್ಟು ಆಡುತ್ತಾರೆ? ಪ್ರೆಷರ್ ಕುಕ್ಕರು, ಗ್ಯಾಸ್ ಸಿಲಿಂಡರು, ಕುದಿಯುವ ಎಣ್ಣೆ ಇವನ್ನೆಲ್ಲ ನಮ್ಮ ಕೈಗೆ ಒಪ್ಪಿಸುವಾಗ ಯಾರೂ ಅಂಜುವುದಿಲ್ಲ. ಹನ್ನೆರಡು ವೋಲ್ಟಿನ ರೇಡಿಯೋ ಮುಟ್ಟಿದರೆ ಮಾತ್ರ ಎಲ್ಲರಿಗೂ ನಮ್ಮ ಜೀವದ ಕಾಳಜಿ!

ಇದೇ ಊರಿನಲ್ಲಿ 1928ರಲ್ಲಿ ಭಾಗೀರಥಿಬಾಯಿ ಪುರಾಣಿಕರು ವನಿತಾ ಸೇವಾ ಸಮಾಜ ಕಟ್ಟಿ, ಕೈಕೆಲಸ ಕಲಿತ ಹೆಣ್ಣು ಯಾರ ಹಂಗಿನಲ್ಲೂ ಇರಬೇಕಿಲ್ಲವೆಂದು ತೋರಿಸಿದರು. ಅಂದಿನ ಕೈಕೆಲಸದಲ್ಲಿ ಹೊಲಿಗೆಯಂತ್ರವಿದ್ದರೆ ಇಂದಿನದರಲ್ಲಿ ಮಲ್ಟಿಮೀಟರ್ ಏಕಿರಬಾರದು?

ಇನ್ನು ಮುಂದೆ ಯಾರಾದರೂ "ಪೂರಾ ಬದಲ ಮಾಡಬೇಕು" ಎಂದರೆ, ಕೆಟ್ಟ ಭಾಗದ ಹೆಸರೇನು, ಅದೊಂದರ ಬೆಲೆಯೆಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಹಳೆಯ ಸೆಟ್ಟನ್ನು ಅಲ್ಲಿ ಬಿಡಬೇಡಿ, ಮನೆಗೆ ತನ್ನಿ. ಬಿಚ್ಚಲು ಕೂತಾಗ ಮಗಳನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ದೀಪ ಹಿಡಿಯುವ ಕೆಲಸವನ್ನು ಬೇರೆಯವರಿಗೆ ಕೊಟ್ಟು ಅವಳ ಕೈಗೆ ಸ್ಕ್ರೂಡ್ರೈವರ್ ಕೊಡಿ.