ಕಾಡಿನ ದಾರಿ ಕಾಡಿಗಿರಲಿ, ಬಂಡಿದಾರಿ ತೆರೆದಿರಲಿ

ಕಳೆದ ಕೊಯ್ಲಿನ ಸಮಯ. ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಬೀಚನಹಳ್ಳಿ ಅಣೆಕಟ್ಟೆಯ ಕಡೆಯಿಂದ ಮಣ್ಣುದಾರಿ ಹಿಡಿದು ಆರು ಮಂದಿ ಸೈಕಲ್ ಸವಾರರು ಬಂದರು. ತಲೆಗೆ ಹೆಲ್ಮೆಟ್, ಮೈಯೆಲ್ಲ ಕೆಂಪು ಧೂಳು. ನಮ್ಮ ತೋಟದ ಮುಂದೆ ಇಳಿದು, “ಸಾರ್, ಈ ದಾರಿ ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದರು.

“ಮುಂದೆ ಆನೆ ಕಂದಕ ಸಿಗ್ತದೆ. ಅಲ್ಲಿಗೆ ಮುಗೀತು ಕಣಪ್ಪ” ಎಂದೆ.

“ಮ್ಯಾಪ್‌ನಲ್ಲಿ ಕಾಡೊಳಗೂ ದಾರಿ ತೋರಿಸ್ತಿದೆಯಲ್ಲ ಸಾರ್?” ಎಂದು ಒಬ್ಬ ಹುಡುಗ ಫೋನು ಮುಂದೆ ಹಿಡಿದ.

“ದಾರಿ ತೋರಿಸ್ತದೆ, ಆನೆ ಎಲ್ಲಿ ನಿಂತಿದೆ ಅಂತ ತೋರಿಸಲ್ವಲ್ಲ” ಎಂದೆ. ನಕ್ಕರು. ಎಳನೀರು ಕುಡಿದು, ದುಡ್ಡು ಕೊಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು.

ಇಷ್ಟೇ ಆಗಿದ್ದರೆ ಬರೆಯಬೇಕಾದ ಅಗತ್ಯವಿರಲಿಲ್ಲ. ಆದರೆ ಅಂದಿನಿಂದ ನಮ್ಮ ಬೆಳೆಗಾರ ಬಂಧುಗಳಲ್ಲಿ ಎರಡು ಅಭಿಪ್ರಾಯ ಹುಟ್ಟಿಕೊಂಡಿವೆ. “ಇವತ್ತು ಆರು ಜನ, ನಾಳೆ ಅರವತ್ತು ಜನ. ದಾರಿಗೆ ಗೇಟು ಹಾಕಿ ಬೀಗ ಜಡಿಯೋಣ” ಎನ್ನುವವರು ಕೆಲವರು. “ಪಟ್ಟಣದವರು ಬರಲಿ, ನಾಲ್ಕು ಕಾಸು ಬರ್ತದೆ, ಅರಣ್ಯ ಇಲಾಖೆಯೂ ಕಾಡಿನ ದಾರಿ ಬಿಟ್ಟುಕೊಡಲಿ” ಎನ್ನುವವರು ಇನ್ನು ಕೆಲವರು. ಇವೆರಡೂ ತಪ್ಪು ಎಂಬುದು ನನ್ನ ನಮ್ರ ಅಭಿಪ್ರಾಯ. ಕಾರಣಗಳನ್ನು ಸದಸ್ಯರ ಮುಂದಿಡುತ್ತೇನೆ.

ಮೊದಲು ಈ ಸೈಕಲ್ ಏನೆಂದು ತಿಳಿಯೋಣ. ಇದನ್ನು ‘ಗ್ರ್ಯಾವೆಲ್ ಬೈಕ್’ ಎನ್ನುತ್ತಾರೆ. ಬೈಕ್ ಎಂದರೂ ಎಂಜಿನ್ ಇಲ್ಲ, ತುಳಿಯುವ ಸೈಕಲ್ಲೇ. ನೋಡಲು ಪಂದ್ಯದ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್. ಆದರೆ ಟಾರು ರಸ್ತೆಯ ಪಂದ್ಯದ ಸೈಕಲ್ಲಿಗೆ ಟೈರು 25 ರಿಂದ 28 ಮಿಲಿಮೀಟರ್ ಅಗಲವಿದ್ದರೆ, ಇದಕ್ಕೆ 35 ರಿಂದ 50 ಮಿಲಿಮೀಟರ್. ಗಾಳಿಯನ್ನೂ ಕಡಿಮೆ ತುಂಬಿಸುತ್ತಾರೆ. ಆದ್ದರಿಂದ ಜಲ್ಲಿ, ಮಣ್ಣು, ನಾಲೆಯ ಏರಿ, ಗುಡ್ಡದ ಬಂಡಿಜಾಡು ಎಲ್ಲದರ ಮೇಲೂ ಜಾರದೆ ಓಡುತ್ತದೆ. ಈ ಕ್ರೀಡೆ ಹೊರದೇಶಗಳಲ್ಲಿ ಭಾರಿಯಾಗಿ ಬೆಳೆದಿದೆ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ 2006ರಿಂದ 200 ಮೈಲಿಯ ಜಲ್ಲಿರಸ್ತೆ ಪಂದ್ಯ ನಡೆಯುತ್ತಿದೆ. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಮೈಸೂರು, ಬೆಂಗಳೂರಿನ ಹುಡುಗರಿಗೂ ಆ ಗಾಳಿ ಬೀಸಿದೆ.

ನಮಗೆ ಇದೇನೂ ಹೊಸತಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಕಾಫಿ ಮೂಟೆ ಕಟ್ಟಿಕೊಂಡು, ಏರಿನಲ್ಲಿ ಇಳಿದು ತಳ್ಳಿ, ಇಳಿಜಾರಿನಲ್ಲಿ ಬ್ರೇಕಿಗೆ ಜೀವ ಒಪ್ಪಿಸಿ ಮಣ್ಣುದಾರಿಯಲ್ಲಿ ಬಂದವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾವು ಹೊಟ್ಟೆಪಾಡಿಗೆ ತುಳಿದೆವು, ಇವರು ಸಂತೋಷಕ್ಕೆ ತುಳಿಯುತ್ತಾರೆ. ಅದಕ್ಕೆ ಮೂಗು ಮುರಿಯಬೇಕಾಗಿಲ್ಲ.

ಈಗ ಕಾಡಿನ ವಿಷಯ. ನಾಗರಹೊಳೆ, ಬಂಡೀಪುರ ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪ್ಪಣೆಯಿಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9 ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ನಮ್ಮ ಕೋಟೆ ಸೀಮೆಯಿಂದ ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯನ್ನು ಸಂಜೆ ಆರಕ್ಕೇ ಮುಚ್ಚುತ್ತಾರೆ.

“ಸೈಕಲ್ ಹೊಗೆ ಬಿಡುವುದಿಲ್ಲ, ಸದ್ದು ಮಾಡುವುದಿಲ್ಲ, ಸಫಾರಿ ಜೀಪಿಗಿಂತ ಮೇಲಲ್ಲವೆ?” ಎಂದು ಸವಾರರು ಕೇಳುತ್ತಾರೆ. ಮೇಲ್ನೋಟಕ್ಕೆ ಸರಿಯೆನಿಸುವ ಮಾತು. ಆದರೆ ಆ ಸದ್ದಿಲ್ಲದಿರುವುದೇ ಅಪಾಯ. ಜೀಪಿನ ಸದ್ದು ಕೇಳಿದ ಆನೆ ಮೊದಲೇ ಕಿವಿ ನಿಮಿರಿಸಿಕೊಂಡಿರುತ್ತದೆ. ನಡೆದು ಬರುವವನು ನಿಧಾನವಾಗಿ ಬರುತ್ತಾನೆ. ಸೈಕಲ್ ಮಾತ್ರ ನಡಿಗೆಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ, ಸುಳಿವೇ ಕೊಡದೆ ತಿರುವಿನಲ್ಲಿ ಎದುರಾಗುತ್ತದೆ. 2016ರಲ್ಲಿ ಅಮೆರಿಕದ ಮೊಂಟಾನ ರಾಜ್ಯದಲ್ಲಿ, ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸಮೀಪದ ಕಾಡುದಾರಿಯಲ್ಲಿ ಹೀಗೇ ಆಯಿತು. ವೇಗವಾಗಿ ಬಂದ ಸವಾರನೊಬ್ಬ ಕರಡಿಗೇ ಡಿಕ್ಕಿ ಹೊಡೆದ. ಬೆದರಿದ ಕರಡಿ ಅವನನ್ನು ಕೊಂದಿತು. ಆತ ಅದೇ ಸೀಮೆಯವನು, ಕಾಡು ಬಲ್ಲವನು. ನಮ್ಮಲ್ಲಿ ಆನೆ ಗಂಟೆಗೆ 20 ಕಿಲೋಮೀಟರಿಗೂ ಮಿಕ್ಕಿ ನುಗ್ಗಬಲ್ಲದು. ಸಡಿಲ ಜಲ್ಲಿಯ ಏರಿನಲ್ಲಿ ಯಾವ ಸೈಕಲ್ಲೂ ಆ ವೇಗ ಮುಟ್ಟಲಾರದು.

ಇನ್ನೊಂದು ಮಾತು. 2025ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ನಮ್ಮ ಸರಗೂರು ಸೀಮೆಯಲ್ಲೇ ಹುಲಿಗೆ ಸಿಕ್ಕಿ ರೈತರು ಪ್ರಾಣ ಕಳೆದುಕೊಂಡರು. ಜನ ರೊಚ್ಚಿಗೆದ್ದರು. ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನೇ ನಿಲ್ಲಿಸಲು ಆದೇಶಿಸಿತು. ಕಾಡಿನೊಳಗೆ ಜನಸಂಚಾರ ಹೆಚ್ಚಾಗಿ ಪ್ರಾಣಿಗಳು ನಮ್ಮ ಹೊಲಕ್ಕೆ ಬರುತ್ತಿವೆ ಎಂದು ಅಂದು ಕೂಗಿದವರು ನಾವೇ. ಇಂದು ನಾವೇ ಸೈಕಲ್ಲಿಗೆ ಕಾಡಿನ ಬಾಗಿಲು ತೆರೆಯಿರಿ ಎಂದರೆ ನಮ್ಮ ಮಾತಿಗೆ ಬೆಲೆ ಉಳಿಯುತ್ತದೆಯೆ?

ನ್ಯಾಯದ ಪ್ರಶ್ನೆಯೂ ಇದೆ. ಜೇನುಕುರುಬರು, ಕಾಡುಕುರುಬರು ತಲೆಮಾರುಗಳಿಂದ ತಿರುಗಾಡಿದ ದಾರಿಗಳವು. ಹುಲಿ ಉಳಿಯಲಿ ಎಂದು ಅವರಲ್ಲಿ ಎಷ್ಟೋ ಸಂಸಾರಗಳನ್ನು ಕಾಡಿನಿಂದ ಹೊರಗೆ ತಂದು ಹಾಡಿ ಕಟ್ಟಿಕೊಟ್ಟರು. ಜೇನಿಗೆ, ಗೆಡ್ಡೆಗೆ, ದೇವರ ಪೂಜೆಗೆ ಹೋಗುವವನನ್ನು ತಡೆದು, ಕ್ರೀಡೆಗೆ ಹೋಗುವವನನ್ನು ಬಿಡುವುದು ಯಾವ ಧರ್ಮ? ಆದ್ದರಿಂದ ಕಾಡಿನ ದಾರಿ ಕಾಡಿಗೇ ಇರಲಿ.

ಇನ್ನು ನಮ್ಮ ದಾರಿಗಳ ವಿಚಾರ. ಗೇಟು ಹಾಕೋಣ ಎನ್ನುವ ಬಂಧುಗಳು ಮೊದಲು ತಮ್ಮ ಗ್ರಾಮ ನಕಾಶೆ ತೆಗೆದು ನೋಡಬೇಕೆಂದು ವಿನಂತಿ. ಅದರಲ್ಲಿ ಒಂಟಿ ಚುಕ್ಕಿಗೆರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಬಂಡಿದಾರಿ. ಅವು ನಮ್ಮ ಬೇಲಿಗೆ ತಾಗಿಕೊಂಡಿವೆ ಎಂದ ಮಾತ್ರಕ್ಕೆ ನಮ್ಮ ಸ್ವಂತವಾಗುವುದಿಲ್ಲ. ನಾಲೆಯ ಏರಿಯೂ ನಮ್ಮದಲ್ಲ. ಅದು ನೀರಾವರಿ ನಿಗಮದ್ದು. ನಮ್ಮ ತೋಟದ ಒಳಗೆ ನಾವೇ ಕಡಿದುಕೊಂಡ ದಾರಿ ಮಾತ್ರ ನಮ್ಮದು. ಅದಕ್ಕೆ ಬೀಗ ಹಾಕುವುದು ಬಿಡುವುದು ಯಜಮಾನನ ಇಷ್ಟ.

ಬಂಡಿದಾರಿಗೆ ಗೇಟು ಬಿದ್ದರೆ ಸೈಕಲ್ ಸವಾರನಿಗೆ ಆಗುವ ನಷ್ಟ ಏನು? ಮುಂದಿನ ಭಾನುವಾರ ಬೇರೆ ಕಡೆ ಹೋಗುತ್ತಾನೆ. ನಿಜವಾಗಿ ತೊಂದರೆಯಾಗುವುದು ಹಿಂದುಗಡೆ ಅರ್ಧ ಎಕರೆ ಇಟ್ಟುಕೊಂಡವನಿಗೆ, ಕೊಯ್ಲಿಗೆ ಬರುವ ಹೆಣ್ಣಾಳುಗಳಿಗೆ, ಶಾಲೆಗೆ ಹೋಗುವ ಹಾಡಿಯ ಮಕ್ಕಳಿಗೆ. ಒಂದು ಸಲ ಮುಚ್ಚಿದ ದಾರಿಯನ್ನು ತೆರೆಸಲು ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯಬೇಕೆಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸಣ್ಣ ಬೆಳೆಗಾರನ ಬದುಕು ನಿಂತಿರುವುದು ಈ ಚುಕ್ಕಿಗೆರೆಗಳ ಮೇಲೆ. ಸೈಕಲ್ಲಿನ ನೆಪದಲ್ಲಿ ನಾವೇ ಅವನ್ನು ಅಳಿಸಬಾರದು.

ಇಟಲಿಯ ಒಂದು ಉದಾಹರಣೆ ಇಲ್ಲಿ ಹೇಳತಕ್ಕದ್ದು. ಟಸ್ಕನಿ ಎಂಬ ಪ್ರಾಂತ್ಯ ನಮ್ಮಂತೆಯೇ ಗುಡ್ಡ ಮತ್ತು ತೋಟಗಳ ಸೀಮೆ. ಕಾಫಿ, ಅಡಿಕೆಯ ಬದಲು ದ್ರಾಕ್ಷಿ ಮತ್ತು ಆಲಿವ್. ತೋಟಗಳ ನಡುವಿನ ಬಿಳಿ ಜಲ್ಲಿಯ ದಾರಿಗಳು ಒಂದೊಂದಾಗಿ ಟಾರು ಕಾಣತೊಡಗಿದಾಗ, ಅವುಗಳನ್ನು ಉಳಿಸಬೇಕೆಂದು 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ಹಳೆಯ ಸೈಕಲ್ಲುಗಳ ಸವಾರಿಯೊಂದನ್ನು ಪ್ರಾರಂಭಿಸಿದರು. ಅದರ ಹೆಸರು ‘ಲೆರೊಯಿಕ’. ಇಂದು ಅದಕ್ಕೆ ಸಾವಿರಾರು ಜನ ಸೇರುತ್ತಾರೆ. ಯಾರಿಗೂ ಬೇಡವಾಗಿದ್ದ ಜಲ್ಲಿದಾರಿ ಆ ಸೀಮೆಯ ಹೆಸರಾಯಿತು. ನಮ್ಮ ದಾರಿಗಳಿಗೆ ಟಾರು ಬೇಡ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಲಾರಿ ಹೂತುಕೊಂಡವನ ಕಷ್ಟ ನನಗೂ ಗೊತ್ತು. ಟಾರು ಬರದೆ ಉಳಿದ ಬಂಡಿದಾರಿಯನ್ನು ಒತ್ತುವರಿ ಮಾಡದೆ ಉಳಿಸಿಕೊಂಡರೆ ಅದಕ್ಕೂ ಒಂದು ಬೆಲೆಯಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗೆಂದು ಬಂದವರನ್ನು ಲಂಗುಲಗಾಮಿಲ್ಲದೆ ಬಿಡಬೇಕಾಗಿಲ್ಲ. ನಮ್ಮ ಸಂಘವು ಈ ಕೆಳಗಿನ ಷರತ್ತುಗಳನ್ನು ದಾರಿ ಸೇರುವ ಕಡೆಗಳಲ್ಲಿ ಬರೆಸಿ ಹಾಕಲಿ, ಮೈಸೂರಿನ ಸೈಕಲ್ ಬಳಗಗಳಿಗೂ ತಿಳಿಸಲಿ:

1. ಬೆಳಕು ಹರಿದ ಮೇಲೆ ಬರತಕ್ಕದ್ದು. ಸಂಜೆ ಐದರೊಳಗೆ ದೊಡ್ಡ ರಸ್ತೆ ಸೇರತಕ್ಕದ್ದು. ಕಂದಕ, ಸೋಲಾರ್ ಬೇಲಿ, ರೈಲುಕಂಬಿ ತಡೆಗಳ ಆಚೆಗೆ ಕಾಲಿಡಕೂಡದು.

2. ಆಳುಕಾಳು, ದನಕರು ಕಂಡರೆ ಗಂಟೆ ಬಾರಿಸಿ ನಿಧಾನಿಸತಕ್ಕದ್ದು. ಅಂದು ಬಂದ ಆರು ಮಂದಿ ಸದ್ದಿಲ್ಲದೆ ಹಿಂದಿನಿಂದ ಹಾದುಹೋದಾಗ ಸೌದೆ ಹೊತ್ತಿದ್ದ ನಮ್ಮ ಕೆಲಸದ ಅಜ್ಜಿ ಬೆಚ್ಚಿ ಬೇಲಿಗೆ ಬಿದ್ದರು. “ಒಂದ್ ಗಂಟೆನಾದ್ರೂ ಬಾರಿಸ್ಬಾರ್ದಾ ಮಗ” ಎಂದರೇ ಹೊರತು ಬೈಯಲಿಲ್ಲ. ಆ ದೊಡ್ಡತನವನ್ನು ಪ್ರತಿ ವಾರ ಪರೀಕ್ಷೆ ಮಾಡಬಾರದು.

3. ನವೆಂಬರಿನಿಂದ ಮಾರ್ಚಿವರೆಗೆ, ಅಂದರೆ ಕಾಫಿ ಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲದಲ್ಲಿ, ಹತ್ತು ಜನಕ್ಕಿಂತ ದೊಡ್ಡ ಗುಂಪು ಬರುವುದಾದರೆ ಮೊದಲೇ ತಿಳಿಸತಕ್ಕದ್ದು. ಕಣದ ಮೇಲೆ ಚಕ್ರ ಹಾಯಿಸಕೂಡದು.

4. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದೊಳಗೆ ಯಾವ ಕಾರಣಕ್ಕೂ ಸೈಕಲ್ ಇಳಿಸಕೂಡದು. ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗ ಹಸಿ ಮಣ್ಣಿನ ಜೊತೆ ತೋಟದಿಂದ ತೋಟಕ್ಕೆ ಹೋಗುತ್ತದೆ. ಚಪ್ಪಲಿಗೆ, ಗುದ್ದಲಿಗೆ ಅಂಟಿ ಹೋಗುವ ಮಣ್ಣು ಟೈರಿಗೆ ಅಂಟಿ ಹೋಗುವುದಿಲ್ಲವೆ?

5. ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯತಕ್ಕದ್ದು.

ಇದರಿಂದ ನಮಗೇನು ಲಾಭ ಎಂದು ಕೇಳುವವರಿದ್ದಾರೆ. ದೊಡ್ಡ ಲಾಭದ ಆಸೆ ತೋರಿಸಿ ನಾನು ಯಾರನ್ನೂ ಮೋಸಗೊಳಿಸುವುದಿಲ್ಲ. ಎಳನೀರು, ಒಂದು ತಿಂಡಿ, ಮನೆಯಲ್ಲೇ ಹುರಿದು ಬೀಸಿದ ಕಾಲು ಕಿಲೋ ಕಾಫಿಪುಡಿ. ಇಷ್ಟು ಮಾರಬಹುದು. ಆದರೆ ನಮ್ಮ ಬೆಳೆಗಾರನಿಗೆ ಎಂದೂ ಸಿಗದ ಒಂದು ವಸ್ತು ಇದರಲ್ಲಿದೆ: ತನ್ನ ಕಾಫಿಯನ್ನು ಕುಡಿಯುವವನ ಮುಖ. ಹಿಂದೆ ನಮ್ಮ ಕಾಫಿಯೆಲ್ಲ ಮಂಡಳಿಯ ಪೂಲ್ ಸೇರುತ್ತಿತ್ತು. ಮಾರಾಟ 1996ರಲ್ಲಿ ಪೂರ್ತಿ ಮುಕ್ತವಾದ ಮೇಲೆ ವ್ಯಾಪಾರಿಯ ಗೋದಾಮು ಸೇರುತ್ತಿದೆ. ಎರಡರಲ್ಲೂ ಕುಡಿಯುವವನಿಗೆ ಬೆಳೆದವನ ಕಷ್ಟ ಗೊತ್ತಿಲ್ಲ. ಆನೆ ಮುರಿದ ಅಡಿಕೆ ಮರವನ್ನು ಕಣ್ಣಾರೆ ಕಂಡು ಹೋದ ಪಟ್ಟಣದ ಹುಡುಗ, ನಾಳೆ ನಾವು ಪರಿಹಾರಕ್ಕೆ ಕೂಗಿದಾಗ ನಮ್ಮ ಪರವಾಗಿ ಒಂದು ಮಾತಾದರೂ ಆಡಿಯಾನು.

ಮುಂದಿನ ಕೊಯ್ಲು ಶುರುವಾಗುವ ಮೊದಲು ಆಡಳಿತ ಮಂಡಲಿಯು ಈ ವಿಷಯವನ್ನು ಸರ್ವಸದಸ್ಯರ ಸಭೆಯ ಮುಂದೆ ಇಡಬೇಕೆಂದು ಕೋರುತ್ತೇನೆ. ಬೇರೆ ಅಭಿಪ್ರಾಯವುಳ್ಳ ಸದಸ್ಯರು ಇದೇ ಪತ್ರಿಕೆಗೆ ಬರೆಯಲಿ. ಆದರೆ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಗ್ರಾಮ ನಕಾಶೆಯ ಒಂದು ಪ್ರತಿಯನ್ನು ತರಲಿ. ಯಾವ ದಾರಿ ಯಾರದ್ದು ಎಂಬುದು ಮೊದಲು ನಮ್ಮ ನಮ್ಮಲ್ಲೇ ಇತ್ಯರ್ಥವಾಗಲಿ.