ಕಾಲುವೆ ನೋಡಲು ಅಷ್ಟು ದೂರ

“ಅಲ್ಲವಾ, ಕಾಲುವಿ ನೋಡಾಕ ಅಷ್ಟು ದೂರ ಹೋಗೀಯೇನು? ನಮ್ಮ ಗದ್ದಿ ಬಾಜೂಕ ಹರಿಯೋದು ಮತ್ತೇನು?”

ವಿಡಿಯೊ ಕಾಲ್‌ನಲ್ಲಿ ಅವ್ವ ಹೀಗೆ ಕೇಳಿದಾಗ ನಾನು ಇಟಲಿಯ ತ್ರೆವೀಸೊ ಎಂಬ ಊರಿನ ಸಣ್ಣ ಸೇತುವೆ ಮೇಲೆ ನಿಂತಿದ್ದೆ. ಆಫೀಸ್ ಕೆಲಸಕ್ಕೆ ಹೋದವಳಿಗೆ ಒಂದು ಭಾನುವಾರ ಬಿಡುವು ಸಿಕ್ಕಿತ್ತು. ಎಲ್ಲರೂ ವೆನಿಸ್‌ಗೆ ಓಡುತ್ತಾರೆ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಈ ಊರಿನಲ್ಲಿ ನೂಕುನುಗ್ಗಲಿಲ್ಲ. ಮನೆಗಳ ಗೋಡೆಗೇ ತಾಗಿ ಹರಿಯುವ ಕಾಲುವೆಗಳು, ನಡುವೆ ಒಂದು ಪುಟ್ಟ ದ್ವೀಪದ ಮೇಲೆ ಮೀನು ಮಾರ್ಕೆಟ್ಟು, ಒಂದು ಕಾಲಕ್ಕೆ ಮುನ್ನೂರು ಮಂದಿಯ ಸಭೆ ಕೂಡುತ್ತಿದ್ದ ಹಳೆಯ ಕಟ್ಟಡ. 1944ರ ಏಪ್ರಿಲ್ 7ರ ಬಾಂಬ್ ದಾಳಿಯಲ್ಲಿ ಊರಿನ ಬಹುಭಾಗ ನೆಲಕಚ್ಚಿತ್ತಂತೆ. ಆ ಸಭಾಭವನಕ್ಕೂ ಪೆಟ್ಟು ಬಿದ್ದಿತ್ತು. ಜನ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಇಡೀ ದಿನ ಸುಮ್ಮನೆ ಅಡ್ಡಾಡಿದೆ, ತಿರಾಮಿಸು ತಿಂದೆ (ಅದು ಹುಟ್ಟಿದ್ದೇ ತಮ್ಮೂರಲ್ಲಿ ಅಂತ ಅವರ ವಾದ). ನೂರಾರು ಫೋಟೊ ತೆಗೆದೆ.

ಅವ್ವನ ಮಾತಿಗೆ ಆಗ ನಕ್ಕಿದ್ದೆ. ರೂಮಿಗೆ ಬಂದ ಮೇಲೆ ಮಾತ್ರ ಅದು ಚುಚ್ಚಿತು. ನಮ್ಮೂರು ಹಾನಗಲ್. “ನಿಮ್ಮೂರಲ್ಲಿ ಏನಿದೆ?” ಅಂತ ಬೆಂಗಳೂರಿನ ಗೆಳತಿಯರು ಕೇಳಿದಾಗಲೆಲ್ಲ “ಏನಿಲ್ಲಪ್ಪ, ಮಾವಿನಹಣ್ಣು” ಅಂತ ಹೇಳಿ ಮುಗಿಸುತ್ತಿದ್ದೆ.

ಹೋದ ತಿಂಗಳು ಎರಡು ದಿನ ರಜೆ ಹಾಕಿ ಹೋದೆ. ಹಾವೇರಿಯಲ್ಲಿ ರೈಲು ಇಳಿದರೆ ಬಸ್ಸಿಗೆ ಒಂದು ತಾಸಿನ ದಾರಿ. “ಅವ್ವಾ, ತಾರಕೇಶ್ವರ ಗುಡಿಗೆ ಹೋಗೂಣ ನಡಿ” ಅಂದಾಗ ಅವಳು ನನ್ನ ಮುಖವನ್ನೇ ನೋಡಿದಳು. ಮೊಣಕಾಲು ನೋವು ಶುರುವಾದ ಮೇಲೆ ನಾಲ್ಕು ವರ್ಷದಿಂದ ಅವಳು ಅಲ್ಲಿಗೆ ಹೋಗಿಯೇ ಇರಲಿಲ್ಲ. ಕರೆದುಕೊಂಡು ಹೋಗುವವರು ಇರಲಿಲ್ಲ ಅನ್ನುವುದೇ ಸರಿ. ನಾನು ಹಬ್ಬಕ್ಕೆ ಬಂದರೂ ಲ್ಯಾಪ್‌ಟಾಪ್ ಬಿಟ್ಟು ಏಳುತ್ತಿರಲಿಲ್ಲ.

ಪಾನುಂಗಲ್ಲು ಅಂತ ಕರೆಸಿಕೊಳ್ಳುತ್ತಿದ್ದ ಕಾಲಕ್ಕೆ ಇದು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಕದಂಬರ ರಾಜಧಾನಿ. 12ನೇ ಶತಮಾನದ ಈ ಗುಡಿಯ ದೊಡ್ಡ ಮಂಟಪದ ನಡುವೆ ನಿಂತು ಕತ್ತೆತ್ತಿದರೆ ಎಂಟು ಮೂಲೆಯ ಚೌಕಟ್ಟಿನಿಂದ ಸುತ್ತು ಸುತ್ತಾಗಿ ಮೇಲೇರುವ ಕಲ್ಲಿನ ಗುಮ್ಮಟ, ಮಧ್ಯದಿಂದ ಕೆಳಗೆ ಇಳಿಬಿದ್ದ ಕಮಲ. ಶಾಲೆಯ ಪ್ರವಾಸದಲ್ಲಿ ಇದರ ಕೆಳಗೆ ಕೂತು ಚಿತ್ರಾನ್ನ ತಿಂದಿದ್ದೆ, ಮೇಲೆ ನೋಡಿದ ನೆನಪಿಲ್ಲ. ನೀವು ಹೋದರೆ ಬೆಳಿಗ್ಗೆ ಹೋಗಿ. ಕಂಬಗಳ ಹೊಳಪಿನಲ್ಲಿ ಬೆಳಕು ಆಡುವುದು ಕಾಣುತ್ತದೆ.

ಅವ್ವ ಮಾತ್ರ ಹೊರಗಿದ್ದ ವೀರಗಲ್ಲುಗಳ ಹತ್ತಿರ ನಿಂತಳು. 1196ರಲ್ಲಿ ಹೊಯ್ಸಳ ಎರಡನೇ ಬಲ್ಲಾಳ ಆನೆಕೆರೆಯ ಹತ್ತಿರ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದ್ದ. ಮೊದಲ ಸಲ ಊರಿನವರು ಅವನನ್ನು ಹಿಂದಕ್ಕಟ್ಟಿದರು. ಇದನ್ನೆಲ್ಲ ನಾನು ಓದಿಕೊಂಡು ಹೋಗಿ ಜಾಣೆ ಹಾಗೆ ಹೇಳುತ್ತಿದ್ದರೆ, ಅವ್ವ ಕಲ್ಲಿನ ಕೆಳಗಿನ ಸಾಲಿನಲ್ಲಿ ಕಾದಾಡುತ್ತಿದ್ದವನ ಮೇಲೆ ಬೆರಳಿಟ್ಟು, “ಇವನ ಹೆಂಡ್ತಿ ಮಕ್ಕಳು ಆಮ್ಯಾಲೆ ಏನ್ ಮಾಡಿದರೋ” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ಆನೆಕೆರೆ ದಂಡೆಗೆ ಹೋದೆವು. ಸೇತುವೆ ಇಲ್ಲ, ಕೆಫೆ ಇಲ್ಲ. ಒಂದು ಕಡೆ ಪ್ಲಾಸ್ಟಿಕ್ ತೇಲುತ್ತಿತ್ತು, ಅದನ್ನೂ ಹೇಳಬೇಕು. ಆದರೂ ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಅವ್ವ ಕಲ್ಲಿನ ಮೇಲೆ ಕಾಲು ಚಾಚಿ ಕೂತಳು. ಮಳಗಿ ಹತ್ತಿರದ ಧರ್ಮಾ ಜಲಾಶಯದ ಕಾಲುವೆಗೆ ನೀರು ಬಿಟ್ಟ ದಿನ ಗದ್ದೆಯಲ್ಲಿ ರಾತ್ರಿಯಿಡೀ ಕಾಯುತ್ತಿದ್ದದ್ದು, ಕಂದೀಲು ಹಿಡಿದು ನೀರು ತಿರುವಿದ್ದು, ಅಪ್ಪನ ಜೊತೆ ಜಗಳ ಆಡಿದ್ದು ಎಲ್ಲ ಹೇಳಿದಳು. ಮೂವತ್ತು ವರ್ಷದಲ್ಲಿ ಈ ಕತೆ ನಾನು ಕೇಳಿರಲಿಲ್ಲ.

ಫೋಟೊ ಒಂದೇ ತೆಗೆದೆ. ಅದರಲ್ಲಿ ಕೆರೆಗಿಂತ ಅವ್ವನ ಚಪ್ಪಲಿಯೇ ದೊಡ್ಡದಾಗಿ ಬಂದಿದೆ.

ಮನೆಗೆ ಬರುವಾಗ ಅವಳೇ ಕೇಳಿದಳು: “ಸವಣೂರಾಗ ದೊಡ್ಡಹುಣಸಿ ಮರ ಅದಾವಂತಲ್ಲ? ಇಷ್ಟು ಹತ್ರ ಇದ್ದೂ ನಾ ನೋಡಿಲ್ಲ.”

“ದೀಪಾವಳಿಗೆ ಬಂದಾಗ ಹೋಗೂಣವಾ.”

“ದೀಪಾವಳಿಗೆ ನೀ ಬರೋದು ಒಂದ ದಿನ,” ಅಂದಳು ಅವ್ವ. ರಜೆ ಅರ್ಜಿಯಲ್ಲಿ ಈ ಸಲ ಮೂರು ದಿನ ಅಂತ ಬರೆದಿದ್ದೇನೆ. ಮ್ಯಾನೇಜರ್ ಇನ್ನೂ ನೋಡಿಲ್ಲ.